ಪರಿಸರ-ಸ್ತ್ರೀವಾದ, ಮಿಯಾಝಾಕಿಯ ಸ್ತ್ರೀಪಾತ್ರಗಳು ಮತ್ತು ‘ದ್ವೀಪ’ದ ನಾಗಿ: ಕೃಷ್ಣಾತೀರದಿಂದ ಒಂದು ವಿಮರ್ಶೆ

2019ನೆಯ ಇಸವಿಯ ಬೇಸಗೆಯಲ್ಲಿ ಅಥಣಿ ಸೀಮೆಯ ಕೃಷ್ಣಾನದಿ ಬತ್ತಿಹೋಗಿತ್ತು. ಕೊಯ್ನಾ ಜಲಾಶಯದಿಂದ ನೀರು ಬಿಡಬೇಕೆಂದು ಮಹಾರಾಷ್ಟ್ರವನ್ನು ಬೇಡಿಕೊಳ್ಳುತ್ತಿದ್ದ ಕಾಲವದು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ದಿಕ್ಕಿನಿಂದ ಹರಿದುಬಂದ ನೀರು ನದಿಯ ದಂಡೆಯ ಊರುಗಳನ್ನು ಮುಳುಗಿಸಿತು. ಐಗಳಿ ನದಿಯಿಂದ ದೂರವಿರುವ ಒಣಬೇಸಾಯದ ಊರು. ಇತ್ತೀಚಿನ ದಶಕಗಳಲ್ಲಿ ದ್ರಾಕ್ಷಿತೋಟಗಳೂ ಕೊಳವೆಬಾವಿಗಳೂ ಅದರ ಚಹರೆಯನ್ನು ಬದಲಿಸಿವೆ. ಆ ಕಡೆಗೆ ಪ್ರವಾಹ ಬರಲಿಲ್ಲ. ಪ್ರವಾಹಕ್ಕೆ ಮನೆ ಕಳೆದುಕೊಂಡ ನೆಂಟರಿಷ್ಟರು ಬಂದರು. ನೀರು ಇಳಿದ ಮೇಲೆ ನಾವು ಕೃತಜ್ಞತಾ ಆರಾಧನೆ ನಡೆಸಿ, ಜಲರಾಶಿಯ ಮೇಲೆ ಆಳುವ ದೇವರು ತನ್ನ ಜನರನ್ನು ಕಾಪಾಡಿದನೆಂದು ಪ್ರಸಂಗಿಸಿದೆವು. ಆ ಪ್ರಸಂಗದಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ, ಸಭೆಯೂ ಆಮೆನ್ ಎಂದಿತು.

ಕೆಲವು ವರ್ಷಗಳ ತರುವಾಯ ಐಗಳಿಯ ಒಂದು ಮನೆಯಲ್ಲಿ ಕೂಡುವ ಸ್ತ್ರೀಯರ ಪ್ರಾರ್ಥನಾಕೂಟದಲ್ಲಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ತೋರಿಸುವ ಪ್ರಸಂಗ ಬಂದಿತು. ಚಿತ್ರ ಮುಗಿದಾಗ ವಯಸ್ಸಾದ ತಾಯಿಯೊಬ್ಬರು, “ರಾತ್ರಿಯೆಲ್ಲಾ ಎಚ್ಚರಿದ್ದಾಕಿ ಅಕಿ. ಇಂವಾ ನೋಡ್ರಿ ಅಯ್ಯನವರ, ದೇವರು ಉಳಿಸಿದಾ ಅಂತಾನ” ಎಂದರು. ಆ ಮಾತು ನಾಯಕನಿಗೆ ಹೇಳಿದ್ದೋ ನಮಗೆ ಹೇಳಿದ್ದೋ ನಮಗೆ ಇಂದಿಗೂ ನಿಶ್ಚಯವಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಅದೇ ಕೂಟದಲ್ಲಿ ಮುಂದಿನ ತಿಂಗಳುಗಳಲ್ಲಿ ಜಪಾನಿನ ಹಯಾವೊ ಮಿಯಾಝಾಕಿಯವರ ಅನಿಮೇಷನ್ ಚಿತ್ರಗಳನ್ನೂ ತೋರಿಸಿದೆವು. ಸೆಮಿನರಿಗಳಲ್ಲಿ ಪರಿಸರ-ಸ್ತ್ರೀವಾದವನ್ನು ಬೋಧಿಸುವಾಗ ಈ ಚಿತ್ರಗಳನ್ನು ಉದಾಹರಣೆಯಾಗಿ ಎತ್ತಿಕೊಳ್ಳುವುದು ಈಗ ಹೊಸದೇನಲ್ಲ. ಕಾಡನ್ನು ಕಾಯುವ ಹುಡುಗಿ, ನದಿಯನ್ನು ತೊಳೆಯುವ ಹುಡುಗಿ, ಕೀಟಗಳೊಡನೆ ಮಾತಾಡುವ ರಾಜಕುಮಾರಿ ಇವರೆಲ್ಲ ಪ್ರಕೃತಿಯೊಡನೆ ಸ್ತ್ರೀಗಿರುವ ಸಹಜ ನಂಟಿಗೆ ಸಾಕ್ಷಿಗಳೆಂದು ವಿದ್ಯಾರ್ಥಿಗಳ ಪ್ರಬಂಧಗಳು ಬರೆಯುತ್ತವೆ. ನಮ್ಮ ತಕರಾರು ಇರುವುದು ‘ಸಹಜ’ ಎಂಬ ಆ ಪದದೊಂದಿಗೆ.

ಪರಿಸರ-ಸ್ತ್ರೀವಾದ ಎಂಬ ಹೆಸರನ್ನು ಫ್ರಾನ್ಸಿನ ಫ್ರಾನ್ಸ್ವಾಸ್ ದೋಬೋನ್ 1974ರಲ್ಲಿ ಬಳಕೆಗೆ ತಂದರು. ಮರುವರ್ಷವೇ ರೋಸ್‌ಮೇರಿ ರ‍್ಯಾಡ್‌ಫರ್ಡ್ ರೂಥರ್ ತಮ್ಮ ಗ್ರಂಥದಲ್ಲಿ ಸ್ತ್ರೀಯ ಮೇಲಿನ ಒಡೆತನವೂ ಭೂಮಿಯ ಮೇಲಿನ ಒಡೆತನವೂ ಒಂದೇ ಬೇರಿನಿಂದ ಚಿಗುರಿದವೆಂದು ತೋರಿಸಿ, ಈ ಚಿಂತನೆಗೆ ಕ್ರೈಸ್ತ ದೇವಜ್ಞಾನದೊಳಗೆ ಬಾಗಿಲು ತೆರೆದರು. ಆತ್ಮವು ದೇಹಕ್ಕಿಂತ ಮೇಲು, ಪುರುಷನು ಸ್ತ್ರೀಗಿಂತ ಮೇಲು, ಮನುಷ್ಯನು ಮಣ್ಣಿಗಿಂತ ಮೇಲು ಎಂಬ ಮೆಟ್ಟಿಲುಗಳು ಒಂದೇ ಏಣಿಯವು ಎಂಬುದು ಅವರ ವಾದ. ಈ ಮಟ್ಟಿಗೆ ನಮಗೆ ಅವರೊಡನೆ ಭಿನ್ನಾಭಿಪ್ರಾಯವಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಬರುವ ‘ರಾದಾ’, ‘ಕಾಬಶ್’ ಎಂಬ ಹೀಬ್ರೂ ಕ್ರಿಯಾಪದಗಳನ್ನು, ಅಂದರೆ ದೊರೆತನ ಮಾಡುವುದನ್ನೂ ವಶಮಾಡಿಕೊಳ್ಳುವುದನ್ನೂ, ನಾವು ಬೋಧಿಸಿದಷ್ಟು ಉತ್ಸಾಹದಿಂದ ಎರಡನೆಯ ಅಧ್ಯಾಯದ ‘ಅಬದ್’, ‘ಶಾಮರ್’ ಎಂಬ ಸೇವೆ ಮಾಡುವ, ಕಾಯುವ ಕ್ರಿಯಾಪದಗಳನ್ನು ಬೋಧಿಸಲಿಲ್ಲ. ಲಿನ್ ವೈಟ್ ಎಂಬ ಚರಿತ್ರಕಾರರು 1967ರಲ್ಲಿ ಈ ಆರೋಪವನ್ನು ಹೊರಗಿನಿಂದ ಹೊರಿಸುವವರೆಗೆ ನಮ್ಮೊಳಗೆ ಅದು ಗಟ್ಟಿಯಾಗಿ ಕೇಳಿಬರಲೂ ಇಲ್ಲ.

ಆದರೆ ಪರಿಸರ-ಸ್ತ್ರೀವಾದದೊಳಗೆ ಎರಡು ದಾರಿಗಳಿವೆ. ವಂದನಾ ಶಿವ ಅವರು 1988ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಪ್ರಕೃತಿಯನ್ನು ಸ್ತ್ರೀತತ್ತ್ವವಾಗಿ ಕಂಡು, ಗ್ರಾಮೀಣ ಸ್ತ್ರೀಯರ ಬದುಕಿನಲ್ಲಿ ಆ ತತ್ತ್ವ ಉಳಿದುಬಂದಿದೆಯೆಂದರು. 1992ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಇದನ್ನು ತಿದ್ದಿದರು: ಸ್ತ್ರೀಯರಿಗೆ ಕಾಡಿನೊಡನೆ, ನೀರಿನೊಡನೆ ಇರುವ ನಂಟು ಅವರ ಗರ್ಭದಿಂದ ಬಂದದ್ದಲ್ಲ, ಅವರು ಮಾಡುವ ಕೆಲಸದಿಂದಲೂ ಅವರಿಗೆ ದಕ್ಕದ ಆಸ್ತಿಯಿಂದಲೂ ಬಂದದ್ದು. ಕೊಡ ಹೊರುವವಳಿಗೆ ಬಾವಿಯ ಆಳ ಗೊತ್ತಿರುತ್ತದೆ. ಅದನ್ನು ಅವಳ ಸ್ವಭಾವವೆಂದು ಕರೆದರೆ ಕೊಡ ಹೊರುವುದೂ ಅವಳ ಸ್ವಭಾವವೆಂದಾಗಿಬಿಡುತ್ತದೆ. ಈ ಎರಡನೆಯ ದಾರಿಯಲ್ಲಿ ನಿಂತು ಮಿಯಾಝಾಕಿಯವರ ಚಿತ್ರಗಳನ್ನು ನೋಡಿದಾಗ ಅವು ಬೇರೆಯಾಗಿಯೇ ಕಾಣುತ್ತವೆ, ಬಹುಶಃ ಹೆಚ್ಚು ಸತ್ಯವಾಗಿ.

1997ರ ‘ಪ್ರಿನ್ಸೆಸ್ ಮೊನೊನೊಕೆ’ಯನ್ನು ತೆಗೆದುಕೊಳ್ಳೋಣ. ತೋಳದೇವತೆ ಮೊರೊ ಸಾಕಿದ ಸಾನ್ ಎಂಬ ಹುಡುಗಿ ಕಾಡಿನ ಪಕ್ಷದಲ್ಲಿ ನಿಂತು ಮನುಷ್ಯರ ಮೇಲೆ ಯುದ್ಧ ಹೂಡುತ್ತಾಳೆ. ಪ್ರಬಂಧಗಳೆಲ್ಲ ಅವಳ ಸುತ್ತ ಸುತ್ತುತ್ತವೆ. ಆದರೆ ಚಿತ್ರದ ಕಠಿಣ ಪಾತ್ರ ಅವಳಲ್ಲ, ಅವಳ ವೈರಿಯಾದ ಎಬೊಶಿ. ಎಬೊಶಿ ತಾತಾರಾ ಎಂಬ ಕಬ್ಬಿಣದ ಕುಲುಮೆಯ ಊರಿನ ಒಡತಿ. ಅದಿರಿಗಾಗಿ ಗುಡ್ಡ ಅಗೆಯುತ್ತಾಳೆ, ಇದ್ದಲಿಗಾಗಿ ಮರ ಕಡಿಯುತ್ತಾಳೆ, ಕೊನೆಗೆ ಕಾಡಿನ ದೇವತೆಯ ತಲೆಯನ್ನೇ ಗುಂಡಿಟ್ಟು ಉರುಳಿಸುತ್ತಾಳೆ. ಅಷ್ಟಾದರೂ ಅವಳ ಊರಿನಲ್ಲಿ ಕುಲುಮೆಯ ತಿದಿ ತುಳಿಯುವ ಸ್ತ್ರೀಯರು ಯಾರು? ವೇಶ್ಯಾಗೃಹಗಳಿಗೆ ಮಾರಲ್ಪಟ್ಟಿದ್ದವರು, ಅವರನ್ನು ಹಣಕೊಟ್ಟು ಬಿಡಿಸಿ ತಂದವಳು ಎಬೊಶಿ. ಒಂದು ಸರದಿ ನಾಲ್ಕು ಹಗಲು ಐದು ರಾತ್ರಿ ನಡೆಯುವ ಕಷ್ಟದ ಕೆಲಸ ಅದು. ಆದರೂ ಹೊಟ್ಟೆತುಂಬ ಉಣ್ಣಬಹುದು, ಗಂಡಸರ ದರ್ಪವಿಲ್ಲ, ಹಳೆಯ ಬದುಕಿಗಿಂತ ಇದು ಎಷ್ಟೋ ಮೇಲು ಎಂದು ಅವರು ಅತಿಥಿಗೆ ಹೇಳುತ್ತಾರೆ. ಊರಿನ ಹಿಂಬದಿಯ ಗುಡಿಸಲಿನಲ್ಲಿ ಮೈತುಂಬ ಬಟ್ಟೆ ಸುತ್ತಿಕೊಂಡು ಬಂದೂಕು ಮಾಡುವವರು ಕುಷ್ಠರೋಗಿಗಳು. ಎಲ್ಲರೂ ಹೇಸಿದ ಅವರ ಹುಣ್ಣುಗಳನ್ನು ತನ್ನ ಕೈಯಿಂದ ತೊಳೆದವಳೂ ಎಬೊಶಿಯೇ. ಆ ದೃಶ್ಯದಲ್ಲಿ ನಮ್ಮ ಕೂಟದ ಸ್ತ್ರೀಯರು ಸುಮ್ಮನಾದರು. ಕುಷ್ಠರೋಗಿಯನ್ನು ಮುಟ್ಟಿದ ಕೈಯನ್ನು ಅವರು ಬೇರೆ ಪುಸ್ತಕದಲ್ಲಿ ಕಂಡವರು.

ಇಲ್ಲಿ ಸುಲಭದ ಪರಿಸರ-ಸ್ತ್ರೀವಾದ ಮುಗ್ಗರಿಸುತ್ತದೆ. ಕಾಡನ್ನು ಕೊಲ್ಲುವವಳು ಸ್ತ್ರೀ. ಅವಳು ಕೊಲ್ಲುವುದು ಸ್ತ್ರೀಯರ ಬಿಡುಗಡೆಗಾಗಿಯೇ. ಅವಳನ್ನು ಪುರುಷಪ್ರಧಾನತೆಯ ವೇಷ ತೊಟ್ಟ ಸ್ತ್ರೀಯೆಂದು ಬದಿಗೆ ಸರಿಸುವವರಿದ್ದಾರೆ. ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ. ತಿದಿ ತುಳಿಯುವವರನ್ನು ಕುಲುಮೆ ಬಿಟ್ಟು ಕಾಡಿಗೆ ಮರಳಿರೆಂದರೆ ಅವರು ಹೋಗಬೇಕಾದದ್ದು ಕಾಡಿಗಲ್ಲ, ತಾವು ಬಿಟ್ಟುಬಂದ ಮನೆಗಳಿಗೆ.

ನಮ್ಮ ಸಭೆಗಳ ಚರಿತ್ರೆಯಲ್ಲಿಯೇ ಒಂದು ತಾತಾರಾ ಇದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಕ್ರಿಸ್ತನನ್ನು ಸ್ವೀಕರಿಸಿದ್ದಕ್ಕಾಗಿ ಜಾತಿಯಿಂದ ಹೊರಬಿದ್ದು ಜೀವನೋಪಾಯ ಕಳೆದುಕೊಂಡವರಿಗೆ ಕೆಲಸ ಕೊಡುವುದು ಮಿಶನ್ನಿನ ಉದ್ಯಮಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಕೆಲಸಗಾರರಲ್ಲಿ ಸ್ತ್ರೀಯರೂ ಇದ್ದರು. ಕೂಲಿಯ ಹಣ ಕೈಗೆ ಬಂದಾಗ ಬೆನ್ನು ನೆಟ್ಟಗಾಗುವುದೆಂಬುದನ್ನು ಆ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಬಲ್ಲರು. ಹಂಚಿಗೆ ಬೇಕಾದ ಮಣ್ಣು ನದೀಬಯಲಿನದು, ಒಲೆಗೆ ಬೇಕಾದ ಸೌದೆ ಕಾಡಿನದು. ಮಿಶನ್ ಚರಿತ್ರೆಯನ್ನು ಬರೆದ ನಾವು ಮೊದಲ ಲೆಕ್ಕವನ್ನು ಬರೆದಷ್ಟು ವಿವರವಾಗಿ ಎರಡನೆಯದನ್ನು ಬರೆದಿಲ್ಲ. ಎಬೊಶಿಯನ್ನು ಖಂಡಿಸುವ ಮುನ್ನ ಸೆಮಿನರಿಯ ವಿದ್ಯಾರ್ಥಿಗಳು ಜೆಪ್ಪುವಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು.

ಇನ್ನೂ ಹತ್ತಿರದ ತಾತಾರಾ ಎಂದರೆ ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳು. ಕಬ್ಬು ನೀರನ್ನು ಕುಡಿಯುತ್ತದೆ, ನೀರಿದ್ದವನಿಗೆ ಹಣ ಕೊಡುತ್ತದೆ. ಗಾಣದ ಹಂಗಾಮಿನಲ್ಲಿ ಕಬ್ಬು ಕಡಿಯಲು ಗಂಡಹೆಂಡತಿ ಜೋಡಿಯಾಗಿ ಗುಳೆ ಬರುತ್ತಾರೆ. ಲೆಕ್ಕದಲ್ಲಿ ಆ ಜೋಡಿ ಒಂದೇ ಕೊಯ್ತಾ. 2019ರಲ್ಲಿ, ಅಂದರೆ ನಾವು ಬರ ಮತ್ತು ನೆರೆ ಎರಡನ್ನೂ ಕಂಡ ವರ್ಷದಲ್ಲಿಯೇ, ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸ್ತ್ರೀಯರ ಗರ್ಭಕೋಶಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆಸಲಾಗಿದೆಯೆಂಬ ಸಂಗತಿ ಬಯಲಾಗಿ ಅಲ್ಲಿಯ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಕೆಲಸ ತಪ್ಪಿದರೆ ದಂಡ. ಮುಟ್ಟು ಬಂದರೆ ಕೆಲಸ ತಪ್ಪುತ್ತದೆ. ಭೂಮಿಯ ಒಡಲನ್ನೂ ಸ್ತ್ರೀಯ ಒಡಲನ್ನೂ ಒಂದೇ ವ್ಯವಸ್ಥೆ ಬರಿದುಮಾಡುತ್ತದೆ ಎಂಬ ರೂಥರ್ ಅವರ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಇಲ್ಲಿ ಆ ಎರಡು ಒಡಲುಗಳನ್ನು ಕೂಡಿಸಿದ್ದು ಯಾವ ಸ್ತ್ರೀತತ್ತ್ವವೂ ಅಲ್ಲ, ಕೂಲಿಯ ಕರಾರು.

ಪ್ರಕೃತಿಯನ್ನು ದೇವಿಯೆಂದು ಪೂಜಿಸುವ ಸಮಾಜದಲ್ಲಿ ಸ್ತ್ರೀಗೆ ಗೌರವ ತಾನಾಗಿ ದೊರೆಯುತ್ತದೆ ಎಂಬ ಇನ್ನೊಂದು ನಂಬಿಕೆಯನ್ನೂ ಇಲ್ಲಿಯೇ ಪರೀಕ್ಷಿಸಬೇಕು. ಬೆಳಗಾವಿ ಜಿಲ್ಲೆಯ ಕಡುಬಡವರ, ಅದರಲ್ಲೂ ದಲಿತರ ಮನೆಗಳಿಂದ ಹೆಣ್ಣುಮಕ್ಕಳನ್ನು ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುತ್ತಿದ್ದುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. 1982ರಲ್ಲಿ ಕರ್ನಾಟಕವು ನಿಷೇಧ ಕಾನೂನು ಮಾಡಿತು. ಕಾನೂನಿಗಿಂತ ಮುಂದೆ ಹೋದವರು ಮಾಜಿ ದೇವದಾಸಿಯರೇ. 1997ರಲ್ಲಿ ಅವರು ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಜನರು ‘ಮಾಸ್’ ಎಂದು ಕರೆಯುತ್ತಾರೆ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು ಮುಂದೆ ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ನಾವಿದನ್ನು ಅನ್ಯಮತ ಖಂಡನೆಗಾಗಿ ಹೇಳುತ್ತಿಲ್ಲ. ಒಬ್ಬ ತಾಯಿಯನ್ನು ಪೀಠದ ಮೇಲಿಟ್ಟು ಉಳಿದ ತಾಯಂದಿರನ್ನು ಹಿಂದಿನ ಬೆಂಚಿನಲ್ಲಿ ಕೂಡಿಸುವ ಅಭ್ಯಾಸ ನಮ್ಮಲ್ಲಿಯೂ ಕಡಿಮೆಯದಲ್ಲ. ಹೇಳಬೇಕಾದದ್ದು ಇಷ್ಟೇ: ಸ್ತ್ರೀಯನ್ನು ದೈವದೊಡನೆ ಅಥವಾ ಪ್ರಕೃತಿಯೊಡನೆ ಒಂದುಮಾಡುವ ಸಂಕೇತ ತಾನೇ ವಿಮೋಚನೆಯಲ್ಲ, ಅದೇ ಸಂಕೇತದಿಂದ ಬೇಡಿಯನ್ನೂ ಮಾಡಬಹುದು.

ಗೌರವಿಸುವ ಹೊತ್ತಿನಲ್ಲಿಯೂ ಇದು ನಡೆಯುತ್ತದೆ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಕಲ್ಲುಕ್ವಾರಿಯಲ್ಲಿ ಕೂಲಿ ಮಾಡಿದವರು. ಅಂಕೋಲೆ ಸೀಮೆಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ದುಡಿದವರು. ನಾವು ಶಾಲೆಯ ಮಕ್ಕಳಿಗೆ ಕಲಿಸುವುದು ಮಾತ್ರ, ಮಕ್ಕಳಿಲ್ಲದವಳು ಮರಗಳನ್ನೇ ಮಕ್ಕಳಾಗಿ ಸಾಕಿದಳು, ವೃಕ್ಷಮಾತೆಯಾದಳು ಎಂದು. ನೀರು ಹೊತ್ತ ಮೈಲಿಗಳು, ಯಾವ ಬೀಜ ಯಾವ ವಾರದಲ್ಲಿ ಆರಿಸಬೇಕೆಂಬ ಅರಿವು, ಪಡೆದ ಕೂಲಿ ಇವೆಲ್ಲ ತಾಯ್ತನದ ಸೆರಗಿನಲ್ಲಿ ಮರೆಯಾಗುತ್ತವೆ.

1984ರ ‘ನೌಸಿಕಾ’ ಚಿತ್ರದ ಬಗೆಗೆ ನಮ್ಮ ಮೆಚ್ಚುಗೆಯೂ ಅತೃಪ್ತಿಯೂ ಇದೇ ಕಾರಣದಿಂದ ಬಂದವು. ಮಹಾಯುದ್ಧದ ಸಾವಿರ ವರ್ಷಗಳ ತರುವಾಯ ವಿಷಗಾಳಿಯ ಕಾಡು ಭೂಮಿಯನ್ನು ಆವರಿಸುತ್ತಿದೆ. ರಾಜರುಗಳು ಅದನ್ನು ಸುಡಬೇಕೆನ್ನುತ್ತಾರೆ. ಕಣಿವೆಯ ರಾಜಕುಮಾರಿ ನೌಸಿಕಾ ಕೋಟೆಯ ನೆಲಮಾಳಿಗೆಯಲ್ಲಿ ಗುಟ್ಟಾಗಿ ಆ ಕಾಡಿನ ಗಿಡಗಳನ್ನು ಬೆಳೆಸುತ್ತಾಳೆ. ಆಳದ ಬಾವಿಯಿಂದೆತ್ತಿದ ಶುದ್ಧ ನೀರೂ ಶುದ್ಧ ಮಣ್ಣೂ ಸಿಕ್ಕಾಗ ಆ ಗಿಡಗಳು ವಿಷ ಕಾರುವುದಿಲ್ಲ. ವಿಷ ಇರುವುದು ಗಿಡದಲ್ಲಲ್ಲ, ಮನುಷ್ಯರು ಕೆಡಿಸಿದ ಮಣ್ಣಿನಲ್ಲಿ. ಕಾಡು ಆ ವಿಷವನ್ನು ಹೀರಿ ಭೂಮಿಯನ್ನು ಶುದ್ಧಮಾಡುತ್ತಿದೆ. ಇದನ್ನು ಅವಳು ಕಂಡುಕೊಂಡದ್ದು ದರ್ಶನದಿಂದಲ್ಲ, ದಿನದಿನದ ಆರೈಕೆಯಿಂದ, ಪ್ರಯೋಗದಿಂದ. ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತೆಂದು ಮಾತಾಡಿಕೊಳ್ಳುವ ಐಗಳಿಯಂತಹ ಊರಿನಲ್ಲಿ ಆ ನೆಲಮಾಳಿಗೆಯ ದೃಶ್ಯವನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿಯೇ ನಿಂತಿದ್ದರೆ! ಚಿತ್ರದ ಅಂತ್ಯದಲ್ಲಿ ನೌಸಿಕಾ ಕೆರಳಿದ ಮಹಾಕೀಟಗಳ ಹಿಂಡಿನೆದುರು ತನ್ನನ್ನೇ ಒಡ್ಡಿಕೊಂಡು ಸಾಯುತ್ತಾಳೆ, ಕೀಟಗಳ ಹೊಂಬಣ್ಣದ ತಂತುಗಳ ನಡುವೆ ಮತ್ತೆ ಜೀವಂತಳಾಗಿ ಏಳುತ್ತಾಳೆ, ಪುರಾತನ ಪ್ರವಾದನೆ ನೆರವೇರುತ್ತದೆ. ಕ್ರೈಸ್ತ ಓದುಗನಿಗೆ ಇದಕ್ಕಿಂತ ಪರಿಚಿತವಾದುದು ಯಾವುದಿದೆ? ಹೆಣ್ಣು ಕ್ರಿಸ್ತರೂಪಿಯಾದಳೆಂದು ಸಂತೋಷಪಡುವವರನ್ನು ನಾವು ಬಲ್ಲೆವು. ಆದರೆ ಆಫ್ರಿಕನ್-ಅಮೆರಿಕನ್ ದೇವಜ್ಞಾನಿ ಡೆಲೊರಿಸ್ ವಿಲಿಯಮ್ಸ್ 1993ರಲ್ಲಿ ಎತ್ತಿದ ಪ್ರಶ್ನೆ ಅಡ್ಡ ಬರುತ್ತದೆ. ಇತರರ ಬದಲಿಗೆ ನೋವು ಹೊರುವುದನ್ನೇ ತಲೆಮಾರುಗಳಿಂದ ವಿಧಿಯಾಗಿ ಪಡೆದ ಸ್ತ್ರೀಯರಿಗೆ, ಬದಲಿಯಾಗಿ ಸಾಯುವುದೇ ರಕ್ಷಣೆಯೆಂದು ಸಾರುವುದು ಸುವಾರ್ತೆಯಾಗುವುದು ಹೇಗೆ ಎಂದು ಅವರು ಕೇಳಿದರು. ಪ್ರಾಯಶ್ಚಿತ್ತ ಸಿದ್ಧಾಂತವನ್ನು ಅವರಷ್ಟು ದೂರ ಬಿಟ್ಟುಕೊಡಲು ನಾವು ಸಿದ್ಧರಿಲ್ಲ. ಒಮ್ಮೆಗೇ, ಎಲ್ಲರಿಗಾಗಿ ಅರ್ಪಿತವಾದ ಯಜ್ಞವೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುವಾಗ ಇನ್ನು ಮುಂದೆ ಯಾವ ಹೆಣ್ಣೂ ಯಜ್ಞಪಶುವಾಗಬೇಕಿಲ್ಲ ಎಂಬುದೂ ಅದರೊಳಗಿದೆ ಎಂದೇ ನಮ್ಮ ತಿಳಿವಳಿಕೆ. ಆದ್ದರಿಂದ ಆ ಹೊನ್ನಿನ ಬಯಲಿಗಿಂತ ನೆಲಮಾಳಿಗೆಯ ತೋಟವೇ ನಮಗೆ ಮೇಲೆನಿಸುತ್ತದೆ.

ಆ ದೃಷ್ಟಿಯಿಂದ 2001ರ ‘ಸ್ಪಿರಿಟೆಡ್ ಅವೇ’ ಹೆಚ್ಚು ಪಕ್ವವಾದ ಚಿತ್ರ. ಹತ್ತು ವರ್ಷದ ಚಿಹಿರೊ ದೇವತೆಗಳ ಸ್ನಾನಗೃಹದಲ್ಲಿ ಕೂಲಿಯಾಳಾಗುತ್ತಾಳೆ. ಒಡತಿ ಯುಬಾಬಾ ಕರಾರಿನಲ್ಲಿ ಅವಳ ಹೆಸರನ್ನೇ ಕತ್ತರಿಸಿ ‘ಸೆನ್’ ಮಾಡುತ್ತಾಳೆ. ಯಾರೂ ಹತ್ತಿರ ಸುಳಿಯದ ನಾತದ ಅತಿಥಿಯೊಬ್ಬ ಬಂದಾಗ ಅವನನ್ನು ತೊಳೆಯುವ ಪಾಳಿ ಅವಳದು. ಮೈಯಲ್ಲಿ ನೆಟ್ಟ ಮುಳ್ಳಿನಂಥದೊಂದನ್ನು ಹಿಡಿದೆಳೆದರೆ ಸೈಕಲ್ಲು, ಅದರ ಹಿಂದೆ ರಾಶಿರಾಶಿ ಕಸ. ಕಡೆಗೆ ತಿಳಿಯುವುದು, ಆತ ಒಂದು ನದಿಯ ದೇವತೆಯೆಂದು. ಮಿಯಾಝಾಕಿಯವರು ತಾವು ಊರವರೊಡನೆ ನದಿಯೊಂದನ್ನು ಶುಚಿಮಾಡಿದಾಗ ಸೈಕಲ್ಲನ್ನು ಎಳೆದುತೆಗೆದ ಅನುಭವವೇ ಈ ದೃಶ್ಯಕ್ಕೆ ಮೂಲವೆಂದು ಹೇಳಿದ್ದಾರೆ. ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆಯನ್ನು ಹೊತ್ತ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ, ಆ ನೀರು ನಮ್ಮ ಸೀಮೆಗೆ ಇಳಿದುಬರುತ್ತದೆ. ನಮ್ಮ ನದಿದೇವತೆಯ ಬೆನ್ನಿನಿಂದ ಏನೇನು ಹೊರಬಂದೀತೆಂದು ಕೂಟದಲ್ಲಿ ಪಟ್ಟಿ ಮಾಡುತ್ತ ನಕ್ಕೆವು. ನಗೆಯ ಹಿಂದೆ ಇನ್ನೊಂದು ಸಂಗತಿಯಿತ್ತು: ತೊಳೆಯುವ ಪಾಳಿ ಯಾರದು ಎಂಬುದನ್ನು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮಿಯಾಝಾಕಿಯವರಲ್ಲಿ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಅರ್ಧವಾದೀತು. ಅವರ ನಾಯಕಿಯರು ಬಹುಮಟ್ಟಿಗೆ ಹುಡುಗಿಯರು, ಹೊಸ್ತಿಲ ಮೇಲೆ ನಿಂತವರು. ಮದುವೆಯಾಗಿ, ಗಂಡನ ಮನೆಯಲ್ಲಿ ಅತ್ತೆಮಾವಂದಿರ ನಡುವೆ ದಿನಗಳೆಯುವ ಸ್ತ್ರೀ ಅವರ ಚಿತ್ರಗಳಲ್ಲಿ ಬದಿಯಲ್ಲಿ ಬಂದು ಹೋಗುತ್ತಾಳೆ. ತಾತಾರಾದ ತೊಕಿ ಎಂಬ ಬಾಯಾಳಿ ಹೆಣ್ಣು ಅಂಥವಳು; ಅವಳಿಗೆ ಇನ್ನಷ್ಟು ಜಾಗ ಬೇಕಿತ್ತು. ಹುಡುಗಿಗೆ ಹಾರಲು ಗಾಳಿ ಸಿಗುತ್ತದೆ, ಹೆಂಡತಿಗೆ ಸಿಗುವುದಿಲ್ಲ. ಆ ಜಾಗದಲ್ಲಿ ಕನ್ನಡದ ‘ದ್ವೀಪ’ ನಿಲ್ಲುತ್ತದೆ.

‘ದ್ವೀಪ’ದ ಮೂಲ ನಾ. ಡಿಸೋಜ ಅವರ ಕಾದಂಬರಿ. ಸಾಗರದ ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತ ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡವರು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು, ಕಣಿವೆಯ ಊರುಗಳು ನೀರಿನಡಿ ಸೇರಿದವು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಈ ಕ್ರೈಸ್ತ ಲೇಖಕರು 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಹೊರನಾಡಿನ ದೇವಜ್ಞಾನಿಗಳನ್ನು ಓದಿಸುವ ನಮ್ಮ ಪಠ್ಯಕ್ರಮಗಳಲ್ಲಿ ಅವರ ಹೆಸರಿಲ್ಲದಿರುವುದು ನಾಚಿಕೆಯ ಸಂಗತಿ. ಕಾಸರವಳ್ಳಿಯವರ ಚಿತ್ರ 2002ರಲ್ಲಿ ಬಂದಿತು, ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಪಡೆಯಿತು. ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ.

ಕಥೆ ಸಣ್ಣದು. ಸೀತಾಪರ್ವತದ ಗುಡಿಯ ಪೂಜೆಯನ್ನು ನಂಬಿ ಬದುಕಿದ ಮುದುಕ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ಅಣೆಕಟ್ಟಿನ ನೀರು ಏರುತ್ತದೆ, ಉಳಿದವರು ಪರಿಹಾರ ಪಡೆದು ಹೋಗುತ್ತಾರೆ, ಗುಡ್ಡ ದ್ವೀಪವಾಗುತ್ತದೆ. ದುಗ್ಗಜ್ಜ ಸಾಯುತ್ತಾನೆ. ನಾಗಿಯ ತವರಿನ ಕಡೆಯಿಂದ ನೆರವಿಗೆ ಬಂದ ಕೃಷ್ಣನೊಡನೆ ಅವಳು ನಗುವುದನ್ನು ಕಂಡು ಗಣಪನಲ್ಲಿ ಸಂಶಯ ಮೊಳೆಯುತ್ತದೆ, ಕೃಷ್ಣ ಹೋಗುತ್ತಾನೆ. ಹೊರಗೆ ಬಿಡದ ಮಳೆ, ಸುಳಿದಾಡುವ ಹುಲಿಯ ಭಯ, ಒಳಗೆ ಧೈರ್ಯಗೆಟ್ಟ ಗಂಡ. ಮನೆಯನ್ನು, ಗಂಡನನ್ನು, ಬದುಕಿನ ಆಸೆಯನ್ನು ಹಿಡಿದು ನಿಲ್ಲುವವಳು ನಾಗಿ. ಕೊನೆಗೆ ನೀರು ಮನೆಯನ್ನು ನುಂಗದೆ ನಿಲ್ಲುತ್ತದೆ. ಗಣಪ ಅದನ್ನು ದೈವಕೃಪೆಯೆನ್ನುತ್ತಾನೆ. ಅವಳ ಶ್ರಮಕ್ಕೆ ಆ ವಾಕ್ಯದಲ್ಲಿ ಸ್ಥಳವಿಲ್ಲ.

ಗಮನಿಸಿ, ನಾಗಿ ಪ್ರಕೃತಿಯ ಪ್ರತೀಕವಲ್ಲ. ಅವಳು ಮಳೆಯೊಡನೆ ಸೆಣಸುತ್ತಾಳೆ, ನೀರಿಗೆ ಎದುರಾಗಿ ನಿಲ್ಲುತ್ತಾಳೆ. ಆ ನೀರಾದರೂ ಬರಿಯ ಪ್ರಕೃತಿಯಲ್ಲ. ದೂರದ ಕಚೇರಿಯಲ್ಲಿ ನಿಶ್ಚಯವಾದ ನೀರು. ನಮ್ಮ ಕೃಷ್ಣೆಯ ನೆರೆಯೂ ಅಂಥದೇ. ಅದರಲ್ಲಿ ಮಳೆ ಎಷ್ಟು, ಅಣೆಕಟ್ಟುಗಳ ಬಾಗಿಲು ತೆರೆದ ಹೊತ್ತು ಎಷ್ಟು ಎಂಬ ವಾದ ಎರಡು ರಾಜ್ಯಗಳ ನಡುವೆ ಪ್ರತಿವರ್ಷ ಏಳುತ್ತದೆ. ಇಂತಹ ನೀರನ್ನು ಆದಿಯ ಜಲರಾಶಿಯಂತೆ ಪ್ರಸಂಗಿಸಿ ದೇವರು ಅದನ್ನು ತಡೆದನೆಂದಾಗ ನಾವು ಎರಡು ತಪ್ಪು ಮಾಡಿದೆವು. ಬಾಗಿಲು ತೆರೆದವರನ್ನು ಮರೆಮಾಡಿದೆವು. ಬೆಳಗಾಗುವವರೆಗೆ ಮುದುಕರನ್ನೂ ಎಮ್ಮೆಗಳನ್ನೂ ಎತ್ತರಕ್ಕೆ ಸಾಗಿಸಿದ ಸ್ತ್ರೀಯರನ್ನೂ ಮರೆಮಾಡಿದೆವು.

ಹಾಗಾದರೆ ದೇವರ ಪರಿಪಾಲನೆಯೆಂಬ ಉಪದೇಶವನ್ನೇ ಕೈಬಿಡಬೇಕೆ? ಗಣಪ ಹೇಳಿದ್ದು ಸುಳ್ಳೆ? ಇಲ್ಲಿ ನಮಗೆ ದಾರಿ ತೋರಿದ್ದು ಸಮುವೇಲನ ಎರಡನೆಯ ಗ್ರಂಥದ 21ನೆಯ ಅಧ್ಯಾಯ, ಪ್ರಸಂಗಪೀಠದಿಂದ ಅಪರೂಪಕ್ಕೂ ಕೇಳಿಬರದ ಭಾಗ. ಮೂರು ವರ್ಷ ಬರ ಬಿದ್ದಿದೆ. ಸೌಲನ ಅಪರಾಧಕ್ಕಾಗಿ ಅವನ ವಂಶದ ಏಳು ಮಂದಿಯನ್ನು ದಾವೀದನು ಗಿಬ್ಯೋನ್ಯರಿಗೆ ಒಪ್ಪಿಸುತ್ತಾನೆ, ಅವರನ್ನು ಕೊಂದು ಗುಡ್ಡದ ಮೇಲೆ ತೂಗಹಾಕುತ್ತಾರೆ. ಸೌಲನ ಉಪಪತ್ನಿ ರಿಚ್ಪಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂಡುತ್ತಾಳೆ. ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಆ ಶವಗಳ ಹತ್ತಿರ ಬರಗೊಡುವುದಿಲ್ಲ. ಗ್ರಂಥದಲ್ಲಿ ಅವಳು ಒಂದು ಮಾತನ್ನೂ ಆಡುವುದಿಲ್ಲ. ಸುದ್ದಿ ಅರಸನಿಗೆ ಮುಟ್ಟುತ್ತದೆ, ಅವನು ಎಲುಬುಗಳನ್ನು ಕೂಡಿಸಿ ಸಮಾಧಿ ಮಾಡಿಸುತ್ತಾನೆ. ದೇಶಕ್ಕಾಗಿ ಮಾಡಿದ ಬಿನ್ನಹವನ್ನು ದೇವರು ಲಾಲಿಸಿದನೆಂದು ಗ್ರಂಥಕರ್ತನು ಬರೆಯುವುದು ಆಮೇಲೆ, ಏಳು ಮಂದಿ ಸತ್ತ ಕೂಡಲೇ ಅಲ್ಲ. ವಾಕ್ಯಗಳ ಈ ಅನುಕ್ರಮ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ದೇವರ ಉತ್ತರಕ್ಕೂ ಅರಸನ ರಾಜನೀತಿಗೂ ನಡುವೆ ಒಬ್ಬ ಸ್ತ್ರೀಯ ಎಚ್ಚರವಿದೆ. ಅದನ್ನು ದಾಟಿ ಕೃಪೆಯ ವಾಕ್ಯಕ್ಕೆ ಜಿಗಿಯಲು ಗ್ರಂಥ ನಮಗೆ ಎಡೆಗೊಡುವುದಿಲ್ಲ. ಗಣಪನ ತಪ್ಪು ದೇವರನ್ನು ಹೆಸರಿಸಿದ್ದಲ್ಲ, ಹೆಂಡತಿಯನ್ನು ಹೆಸರಿಸದೆ ದೇವರನ್ನು ಹೆಸರಿಸಿದ್ದು.

ರಿಚ್ಪಳನ್ನು ಪರಿಸರ-ಸ್ತ್ರೀವಾದದ ಸಾಕ್ಷಿಯಾಗಿ ಕರೆಯುವುದು ವಿಚಿತ್ರವೆನಿಸಬಹುದು, ಅವಳು ಹಕ್ಕಿಗಳನ್ನು ಓಡಿಸಿದವಳು. ಆದರೆ ಬರ, ಹೊಲ, ಸುಗ್ಗಿ, ಮಳೆ ಇವೆಲ್ಲ ಅವಳ ಕಾವಲಿನ ಸುತ್ತ ಹೆಣೆದುಕೊಂಡಿವೆ. ಭೂಮಿಯ ನೋವೂ ಮನುಷ್ಯರ ಅನ್ಯಾಯವೂ ಬೇರೆಬೇರೆಯಲ್ಲವೆಂದು ಹೋಶೇಯನು ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ಅವಳು ಬಂಡೆಯ ಮೇಲೆ ಕುಳಿತು ತೋರಿಸಿದಳು. ಅರುಣಾ ಜ್ಞಾನದಾಸನ್ ಅವರಂತಹ ಭಾರತೀಯ ದೇವಜ್ಞಾನಿಗಳು ಸ್ತ್ರೀಯರ ಮಾತನ್ನೂ ಭೂಮಿಯ ಮಾತನ್ನೂ ಒಟ್ಟಿಗೆ ಆಲಿಸಬೇಕೆನ್ನುವಾಗ ಅವರ ಕಿವಿ ಇರುವುದು ಇಂಥವರ ಕಡೆಗೆ, ಅಮೂರ್ತ ಸ್ತ್ರೀತ್ವದ ಕಡೆಗಲ್ಲ.

ಕಳೆದ ಸುಗ್ಗಿಹಬ್ಬದಲ್ಲಿ ನಾವು ಕೃತಜ್ಞತಾ ಪ್ರಾರ್ಥನೆಯ ಕ್ರಮವನ್ನು ಕೊಂಚ ಬದಲಿಸಿದೆವು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಾಯಿ ಆರಿಸುವವರು, ಕಬ್ಬಿನ ಗದ್ದೆಗೆ ಹೋಗುವವರು, ನೀರು ತರುವವರು ಇವರನ್ನು ಅವರವರ ಕೆಲಸದ ಹೆಸರಿನಿಂದ ಕರೆದು, ಅವರ ಕೈಗಳಿಗಾಗಿ ಸ್ತೋತ್ರ ಹೇಳಿದ ಮೇಲೆಯೇ ಮಳೆಗಾಗಿಯೂ ಬೆಳೆಗಾಗಿಯೂ ಸ್ತೋತ್ರ ಹೇಳಿದೆವು. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು, ದೇವರಿಗೆ ಸಲ್ಲಬೇಕಾದ ಮಹಿಮೆಯನ್ನು ಮನುಷ್ಯರಿಗೆ ಹಂಚಿದಂತಾಯಿತಲ್ಲವೇ ಎಂದು ಕೇಳಿದರು. ಅವರ ಆತಂಕ ಹಗುರವಾದುದಲ್ಲ. ಸುಧಾರಣೆಯ ಪರಂಪರೆಯಲ್ಲಿ ಬೆಳೆದ ಯಾರೂ ಅದನ್ನು ತಳ್ಳಿಹಾಕಲಾರರು. ನಾವು ರಿಚ್ಪಳ ಅಧ್ಯಾಯವನ್ನು ಓದಿಬರಲು ಹೇಳಿದೆವು. ಅವರು ಓದಿ ಬಂದು, ಅವಳ ಎಚ್ಚರಕ್ಕೆ ದೇವರು ಕಿವಿಗೊಟ್ಟನೆಂದು ಅಲ್ಲಿ ಬರೆದಿಲ್ಲ, ಬಿನ್ನಹವನ್ನು ಲಾಲಿಸಿದನೆಂದಷ್ಟೇ ಇದೆ ಎಂದರು. ಅದು ನಿಜ. ಮುಂದಿನ ಕೂಟದಲ್ಲಿ ಆ ವಾಕ್ಯವನ್ನು ಸ್ತ್ರೀಯರೊಡನೆಯೇ ಕೂತು ಓದುವುದೆಂದು ನಾವಿಬ್ಬರೂ ಒಪ್ಪಿದ್ದೇವೆ.